ಎಲೆಯಂಚಿನ ಕಚ್ಚು, ಬೇರಿನ ಹುಳು: ಬೂದು ಮೂತಿಹುಳುವನ್ನು ಗುರುತಿಸುವ ಬಗೆ

ಹೋದ ವರ್ಷ ಕಾರ್ತಿಕ ಮಾಸದಲ್ಲಿ ನಮ್ಮ ಹೋಬಳಿಯ ಒಂದು ಹಳ್ಳಿಯಿಂದ ಬದನೆ ತೋಟ ನೋಡಲು ಬರಬೇಕೆಂದು ಕರೆ ಬಂದಿತ್ತು. ಇಪ್ಪತ್ತು ಗುಂಟೆಯ ತೋಟ, ಒಬ್ಬ ಅಜ್ಜಿಯದು. ಎರಡು ಕೊಯ್ಲು ಆಗಿತ್ತು. ಅಲ್ಲೊಂದು ಇಲ್ಲೊಂದು ಗಿಡ ನಡುಹಗಲಿನಲ್ಲಿ ಬಾಡುವುದು, ಸಂಜೆಗೆ ಚೇತರಿಸಿಕೊಳ್ಳುವುದು, ನಾಲ್ಕೈದು ದಿನ ಹೀಗೆಯೇ ಆಡಿ ಕೊನೆಗೆ ನಿಂತಲ್ಲೇ ಒಣಗುವುದು. ನಾನು ಬದುವಿನ ಮೇಲೆ ನಿಂತು ನೋಡಿ, "ಇದು ಸೊರಗು ರೋಗ, ಬುಡಕ್ಕೆ ಈ ಔಷಧಿ ಸುರಿಯಿರಿ" ಎಂದು ಚೀಟಿ ಬರೆದುಕೊಟ್ಟು ಬಂದುಬಿಟ್ಟೆ. ಅಜ್ಜಿ ಸಾಲ ಮಾಡಿ ಔಷಧಿ ತಂದು ಒಂದು ಸಲವಲ್ಲ, ಎರಡು ಸಲ ಸುರಿಸಿದರು. ಹತ್ತು ಗಿಡ ಬಾಡಿದ್ದುದು ನಲವತ್ತಾಯಿತು.

ಮತ್ತೆ ಹೋದಾಗ ಅವರು ನನ್ನನ್ನು ಬಯ್ಯಲಿಲ್ಲ. ಬಗ್ಗಿ, ಬಾಡಿದ ಒಂದು ಗಿಡವನ್ನು ಒಂದೇ ಕೈಯಲ್ಲಿ ಎಳೆದರು. ನೆಟ್ಟ ಕೋಲು ಕಿತ್ತ ಹಾಗೆ ಅದು ಬಂತು. ಎಳೆಬೇರು ಒಂದೂ ಇಲ್ಲ. ತಾಯಿಬೇರಿನ ಸಿಪ್ಪೆಯನ್ನು ಯಾರೋ ಹೆರೆದ ಹಾಗಿತ್ತು. ಕಳೆಗುದ್ದಲಿಯಿಂದ ಆ ಗುಂಡಿಯ ಮಣ್ಣನ್ನು ಕೆದಕಿ ಒಂದು ಹೆಂಟೆ ಒಡೆದರು. ಒಳಗೆ ಅಕ್ಕಿಯಂತೆ ಬೆಳ್ಳಗಿನ, ಬಾಗಿದ ಹುಳುಗಳು, ಎಣಿಸಿದರೆ ಏಳು.

"ನಿಮ್ಮ ಔಷ್ದಿ ಇವ್ಕೆ ನೀರು ಕುಡಿಸ್ದಂಗಾಯ್ತು ಸ್ವಾಮಿ" ಎಂದರು. ಆಮೇಲೆ ಪಕ್ಕದ ಹಸಿರು ಗಿಡದ ಎಲೆ ಹಿಡಿದು ತೋರಿಸಿದರು. "ಈ ಎಲೆಗೆ ಕತ್ರಿ ಹಾಕೋ ಬೂದಿ ಹುಳ ಎರಡು ತಿಂಗ್ಳಿಂದ ಐತೆ. ಅದ್ಕೂ ಇದ್ಕೂ ಏನಾರಾ ನಂಟೈತಾ?"

ನಂಟು ಇತ್ತು. ಅದು ತಾಯಿ, ಇದು ಮಗು. ಡಿಪ್ಲೊಮಾ ಓದುವಾಗ ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಆದರೆ ಹೊಲದಲ್ಲಿ ಎಲೆಯನ್ನೂ ಬೇರನ್ನೂ ಒಟ್ಟಿಗೆ ನೋಡುವ ಬುದ್ಧಿ ಬಂದಿರಲಿಲ್ಲ. ಎರಡು ಸಲದ ಔಷಧಿಯ ದುಡ್ಡು ಅಜ್ಜಿಯದೇ ಹೋಯಿತು. ಇನ್ನೊಬ್ಬರದು ಹೋಗದಿರಲಿ ಎಂದು ಈ ಹುಳುವನ್ನು ಗುರುತಿಸುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೂತಿಹುಳು ಎಂದರೆ ನಮ್ಮ ರೈತರಿಗೆ ಹೊಸದೇನಲ್ಲ. ಜೋಳದ ಚೀಲದಲ್ಲಿ, ಅಕ್ಕಿ ಡಬ್ಬದಲ್ಲಿ ಹರಿದಾಡುವ ಕಂದು ಹುಳುವನ್ನು ಹೆಂಗಸರೆಲ್ಲ ಬಲ್ಲರು. ತೆಂಗಿನ ಮರದ ಸುಳಿಯನ್ನು ಹಾಳುಮಾಡುವ ಕೆಂಪು ಮೂತಿಹುಳುವನ್ನು ತೋಟದವರು ಬಲ್ಲರು. ಮಾವಿನ ವಾಟೆಯೊಳಗೆ ಕುಳಿತಿರುವುದೂ ಇದೇ ಬಳಗದ್ದು. ಇವೆಲ್ಲಕ್ಕೂ ಆನೆಯ ಸೊಂಡಿಲಿನಂತೆ ಮುಖ ಮುಂದಕ್ಕೆ ಚಾಚಿರುತ್ತದೆ. ಸೊಂಡಿಲಿನ ತುದಿಯಲ್ಲಿ ಬಾಯಿ. ಕಾಳಿನ ಮೂತಿಹುಳು ಈ ಸೊಂಡಿಲನ್ನು ಬೈರಿಗೆಯಂತೆ ಉಪಯೋಗಿಸಿ ಕಾಳಿಗೆ ತೂತು ಕೊರೆಯುತ್ತದೆ. ಆ ತೂತಿನಲ್ಲಿ ಮೊಟ್ಟೆಯಿಟ್ಟು ಅಂಟಿನಿಂದ ಮುಚ್ಚುತ್ತದೆ. ಮರಿ ಕಾಳಿನೊಳಗೇ ಬೆಳೆಯುತ್ತದೆ.

ಆದರೆ ಮೂತಿಹುಳುಗಳಲ್ಲಿಯೇ ಇನ್ನೊಂದು ದೊಡ್ಡ ಪಂಗಡವಿದೆ. ಇವುಗಳ ಮೂತಿ ಉದ್ದವಲ್ಲ. ಮೋಟು ಮತ್ತು ಅಗಲ. ಬೈರಿಗೆಯಂತಲ್ಲದೆ, ಹಸುವಿನ ಮೂತಿಯಂತೆ ಕಾಣುತ್ತದೆ. ಏಕೆ ಹೀಗೆ? ಇವಕ್ಕೆ ತೂತು ಕೊರೆಯುವ ಕೆಲಸವಿಲ್ಲ. ನಮ್ಮ ಬೂದು ಹುಳು ಮೊಟ್ಟೆಯನ್ನು ಗಿಡದೊಳಗೆ ಇಡದೆ ಮಣ್ಣಿನಲ್ಲಿ ಇಡುತ್ತದೆ. ಮರಿ ಹೊರಬಂದು ಭೂಮಿಯೊಳಕ್ಕೆ ಇಳಿದು ಬೇರನ್ನು ತಾನೇ ಹುಡುಕಿಕೊಳ್ಳುತ್ತದೆ. ಆದ್ದರಿಂದ ಮೂತಿ ಅಗಲವಾಗಿರುವ ಹುಳುವನ್ನು ಎಲೆಯ ಮೇಲೆ ಕಂಡ ಕೂಡಲೇ, ಇದರ ಸಂಸಾರ ಮಣ್ಣಿನೊಳಗಿದೆ ಎಂದು ತಿಳಿಯಬೇಕು. ಮೂತಿಯನ್ನು ನೋಡಿಯೇ ಬೇರಿನ ಸಮಾಚಾರ ಹೇಳಬಹುದು ಎಂಬುದು ನನಗೆ ಈಗಲೂ ಸೋಜಿಗವೆನಿಸುತ್ತದೆ.

ನಮ್ಮ ಸೀಮೆಯ ಬದನೆ, ಹತ್ತಿ, ಜೋಳ, ಹಿಪ್ಪುನೇರಳೆಯ ಮೇಲೆ ಕಾಣುವ ಈ ಅಗಲ ಮೂತಿಯ ಬೂದು ಹುಳುಗಳ ಕುಲಕ್ಕೆ ಶಾಸ್ತ್ರಜ್ಞರು ಮಿಲ್ಲೋಸಿರಸ್ ಎಂದು ಹೆಸರಿಟ್ಟಿದ್ದಾರೆ. ಕುಲ ದೊಡ್ಡದು, ಅದರಲ್ಲಿ ನೂರಾರು ಜಾತಿಗಳಿವೆ. ಗೈ ಮಾರ್ಷಲ್ ಎಂಬ ಆಂಗ್ಲ ವಿದ್ವಾಂಸರು 1916ರಲ್ಲಿ ಭಾರತದ ಮೂತಿಹುಳುಗಳ ಮೇಲೆ ಪ್ರಕಟಿಸಿದ ಸಂಪುಟದಲ್ಲಿ ಇವುಗಳಲ್ಲಿ ಅನೇಕವನ್ನು ವಿವರಿಸಿದ್ದಾರೆ. ಆ ಪುಸ್ತಕ ನಮಗೆ ಬೇಡ. ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಳೆಗಣ್ಣಿನ ಶಾಲೆಯ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ.

ಹುಳು ಗಾತ್ರದಲ್ಲಿ ಹೆಚ್ಚುಕಡಿಮೆ ಒಂದು ಗೋಧಿ ಕಾಳಿನಷ್ಟು. ಮೊದಲು ಮೂತಿಯನ್ನು ನೋಡಿ. ಉದ್ದ ಎಷ್ಟೋ ಅಗಲವೂ ಸರಿಸುಮಾರು ಅಷ್ಟೇ ಇರಬೇಕು. ಮೂತಿಯ ತುದಿಯ ಎರಡು ಪಕ್ಕದಿಂದ ಮೀಸೆಗಳು ಹೊರಟಿರುತ್ತವೆ. ಈ ಮೀಸೆ ನೇರವಾಗಿರುವುದಿಲ್ಲ. ಮೊಣಕೈ ಮಡಿಸಿದ ಹಾಗೆ ನಡುವೆ ಬಾಗಿರುತ್ತದೆ. ಮೊಣಕೈಯವರೆಗಿನ ಭಾಗ ಒಂದೇ ಗಿಣ್ಣು, ಅದೂ ಉದ್ದ: ಹಿಂದಕ್ಕೆ ಮಡಿಸಿದರೆ ಕಣ್ಣನ್ನು ದಾಟಿ ಕತ್ತಿನ ಬಳಿಗೆ ಬರುತ್ತದೆ. ತುದಿ ಸಣ್ಣ ಗದೆಯಂತೆ ದಪ್ಪಗಿರುತ್ತದೆ. ಮೀಸೆ ಮುರಿದ ಹಾಗೆ ಕಾಣದೆ ನೆಟ್ಟಗಿದ್ದರೆ, ಅದು ಬೇರೆ ಯಾವುದೋ ದುಂಬಿ.

ಅನಂತರ ಭುಜ. ಕತ್ತಿನ ಭಾಗ ಕಿರಿದು, ರೆಕ್ಕೆಯ ಗಟ್ಟಿ ಮುಚ್ಚಳ ಅದಕ್ಕಿಂತ ಅಗಲ. ಎರಡೂ ಕೂಡುವಲ್ಲಿ ಗಾಡಿಯ ಮೂಕಿಗೆ ನೊಗ ಕಟ್ಟಿದಂತೆ ಭುಜ ಎದ್ದು ಕಾಣುತ್ತದೆ. ಉತ್ತರ ಹಿಂದೂಸ್ತಾನದಲ್ಲಿ ಗೋಧಿಯ ಮೊಳಕೆಯನ್ನು ಕತ್ತರಿಸುವ ಗುಜಿಯಾ ಎಂಬ ಹುಳುವೂ ಅಗಲ ಮೂತಿಯದೇ, ಬಣ್ಣವೂ ಬೂದಿಯೇ. ಆದರೆ ಅದು ಬೇರೆ ಕುಲ, ಅದರ ಮೈ ನೀಳ. ಭೂತಗನ್ನಡಿ ಇದ್ದವರು ಕಾಲಿನ ತೊಡೆಯನ್ನೂ ನೋಡಬಹುದು. ನಮ್ಮ ಹುಳುವಿನ ತೊಡೆ ನಡುವೆ ಉಬ್ಬಿ, ಅದರ ಕೆಳಗೆ ಸಾಮಾನ್ಯವಾಗಿ ಸಣ್ಣ ಮುಳ್ಳಿನಂತಹ ಹಲ್ಲು ಇರುತ್ತದೆ.

ಇನ್ನು ಬಣ್ಣ. ನಮ್ಮ ಜನ ಮೊದಲು ನೋಡುವುದು ಬಣ್ಣವನ್ನು, ಆದರೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದೂ ಅದೇ. ಮೈಯ ಚಿಪ್ಪು ಮೂಲತಃ ಕಪ್ಪು ಅಥವಾ ಕಂದು. ಅದರ ಮೇಲೆ ಚಿಟ್ಟೆಯ ರೆಕ್ಕೆಯಲ್ಲಿರುವಂತೆ ಅತಿ ಸಣ್ಣ ಹೊಪ್ಪಳೆಗಳು ಒತ್ತಾಗಿ ಕೂತಿರುತ್ತವೆ. ಬೂದು, ಹಸಿರು, ಬಿಳಿ ಎಲ್ಲವೂ ಈ ಹೊಪ್ಪಳೆಗಳ ಬಣ್ಣ. ಬೆರಳಿನಿಂದ ಉಜ್ಜಿದರೆ ಉದುರುತ್ತವೆ. ಹುಳುವಿಗೆ ವಯಸ್ಸಾದಂತೆ, ಮಣ್ಣಿಗೂ ಎಲೆಗೂ ತಿಕ್ಕಿ ತಾನಾಗಿಯೂ ಉದುರುತ್ತವೆ. ಹೀಗೆ ಒಂದೇ ಜಾತಿಯ ಹೊಸ ಹುಳು ಬೂದಿ ಬಳಿದುಕೊಂಡ ಹಾಗೂ, ಹಳೆಯ ಹುಳು ಬೋಳು ಕಪ್ಪಾಗಿಯೂ ಕಾಣುತ್ತದೆ. "ಮೊದಲು ಬಂದದ್ದು ಬೇರೆ ಹುಳು ಸ್ವಾಮಿ, ಈಗಿರೋದು ಬೇರೆ" ಎಂದು ವಾದಿಸಿದವರನ್ನು ಕಂಡಿದ್ದೇನೆ. ಮೂತಿ ಮತ್ತು ಮೀಸೆ ಒಂದೇ ಆಗಿದ್ದರೆ ಕುಲವೂ ಒಂದೇ.

ಇಷ್ಟು ಎಚ್ಚರಿಕೆ ಹೇಳಿದ ಮೇಲೆ, ಸಾಮಾನ್ಯವಾಗಿ ಸಿಗುವ ನಾಲ್ಕು ಜಾತಿಗಳ ಬಣ್ಣ ಹೇಳುತ್ತೇನೆ. ಕಂದು ಬಣ್ಣದ್ದು ಸಬ್‌ಫ್ಯಾಸಿಯೇಟಸ್. ಬದನೆಗೆ ಇದೇ ಮುಖ್ಯ ಶತ್ರು. ಕಂದು ಮೈಯ ಮೇಲೆ ಬಿಳಿ ಮಚ್ಚೆ ಇರುವುದು ಡಿಸ್ಕಲರ್. ಚಿಕ್ಕದಾಗಿ, ಎಳೆ ಹಸಿರಾಗಿ ಎಲೆಯ ಬಣ್ಣದಲ್ಲೇ ಅಡಗುವುದು ವಿರಿಡಾನಸ್. ಲ್ಯಾಟಿನ್ ಭಾಷೆಯ ಈ ಹೆಸರಿಗೆ ಹಸಿರು ಛಾಯೆಯದು ಎಂದೇ ಅರ್ಥ. ಬೂದು ಬಿಳುಪಿನ ಮೈಯ ಮೇಲೆ ಕಪ್ಪು ಗುರುತುಗಳಿದ್ದು, ಹತ್ತಿಯಲ್ಲಿ ಹೆಚ್ಚಾಗಿ ಸಿಗುವುದು ಅಂಡೆಸಿಂಪಸ್ಟುಲೇಟಸ್. ಹೆಸರು ಹೇಳಲು ನಾಲಿಗೆ ತೊಡರಿದರೂ ಅರ್ಥ ಸುಲಭ, ಹನ್ನೊಂದು ಬೊಕ್ಕೆಯದು ಎಂದು. ಈ ಜಾತಿಗಳನ್ನು ಒಂದರಿಂದ ಒಂದನ್ನು ಖಚಿತವಾಗಿ ಬೇರ್ಪಡಿಸಬೇಕಾದರೆ ವಿದ್ವಾಂಸರು ಹುಳುವಿನ ಹೊಟ್ಟೆಯನ್ನು ಬಿಡಿಸಿ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೈತನಿಗೆ ಆ ಶ್ರಮ ಅನಾವಶ್ಯಕ. ನಾಲ್ಕಕ್ಕೂ ಉಪಾಯ ಒಂದೇ.

ಹುಳುವಿನ ನಡತೆಯೂ ಒಂದು ಗುರುತು. ಗಿಡವನ್ನು ಮುಟ್ಟಿದ ಕೂಡಲೇ ಇದು ಹಾರಿಹೋಗುವುದಕ್ಕಿಂತ ಕಾಲು ಮಡಿಸಿಕೊಂಡು ನೆಲಕ್ಕೆ ಬೀಳುವುದೇ ಹೆಚ್ಚು. ಬಿದ್ದು ಸತ್ತಂತೆ ನಟಿಸುತ್ತದೆ. ಮಣ್ಣಿನ ಬಣ್ಣದ ಹುಳು ಮಣ್ಣಿನ ಮೇಲೆ ಅಲ್ಲಾಡದೆ ಬಿದ್ದರೆ ಯಾರ ಕಣ್ಣಿಗೆ ಕಾಣಬೇಕು? "ಹುಳ ನೋಡಿದ್ವಿ ಸ್ವಾಮಿ, ಒಂದೂ ಇಲ್ಲ" ಎಂದು ಹೇಳುವವರೆಲ್ಲ ಗಿಡವನ್ನು ಸರಿಸಿಕೊಂಡು ನೋಡಿದವರು. ಗಿಡದ ಕೆಳಗೆ ಮೊದಲು ಒಂದು ಬಿಳಿ ಪಂಚೆ ಹಾಸಿ, ಅಥವಾ ಛತ್ರಿಯನ್ನು ತಲೆಕೆಳಗಾಗಿ ಹಿಡಿದು, ಆಮೇಲೆ ಗಿಡವನ್ನು ಅಲುಗಿಸಬೇಕು. ಬೆಳಗಿನ ತಂಪು ಹೊತ್ತಾದರೆ ಹುಳು ಜಡವಾಗಿರುತ್ತದೆ.

ಹುಳು ಸಿಗದಿದ್ದರೂ ಎಲೆ ಸಾಕ್ಷಿ ಹೇಳುತ್ತದೆ. ಬೂದು ಮೂತಿಹುಳು ಎಲೆಯ ಅಂಚಿನಲ್ಲಿ ಕುಳಿತು ಒಳಕ್ಕೆ ತಿನ್ನುತ್ತದೆ. ಅಂಚಿನುದ್ದಕ್ಕೂ ಕಮಾನಿನಂತಹ ಕಚ್ಚುಗಳು ಬೀಳುತ್ತವೆ. ಬಸ್ಸಿನ ಕಂಡಕ್ಟರು ಟಿಕೇಟಿನ ಅಂಚಿಗೆ ಕತ್ತರಿ ಹಾಕಿದ ಹಾಗೆ. ಬದನೆ ಎಲೆಯ ಮೇಲೆ ಬೇರೆಯವರ ಗುರುತೂ ಇರುತ್ತದೆ. ಚುಕ್ಕೆಗಳಿರುವ ಗುಂಡು ದುಂಬಿ ಮತ್ತು ಅದರ ಮುಳ್ಳುಮೈಯ ಮರಿ ಎಲೆಯ ಹಸಿರನ್ನು ಕೆರೆದು ಜಾಲರಿ ಮಾಡುತ್ತವೆ. ಚಿಗಟದಂತೆ ನೆಗೆಯುವ ಪುಟ್ಟ ದುಂಬಿ ಎಲೆಯ ನಡುವೆ ಗುಂಡುಸೂಜಿಯಿಂದ ಚುಚ್ಚಿದಂತಹ ತೂತು ಮಾಡುತ್ತದೆ. ಕಂಬಳಿಹುಳು ತಿಂದಲ್ಲಿ ಹಿಕ್ಕೆ ಬಿದ್ದಿರುತ್ತದೆ. ಅಂಚಿನಲ್ಲಿ ಮಾತ್ರ ಕಚ್ಚು, ನಡು ಎಲೆ ಸ್ವಚ್ಛ ಎಂದಾದರೆ ಮೂತಿಹುಳುವಿನ ಮೇಲೆ ಗುಮಾನಿ ಇಡಿ.

ಎಲೆಯ ಕಚ್ಚಿನಿಂದ ಗಿಡಕ್ಕೆ ಹೆಚ್ಚು ನಷ್ಟವಿಲ್ಲ. ಆದ್ದರಿಂದಲೇ ಎಲ್ಲರೂ ಉದಾಸೀನ ಮಾಡುತ್ತಾರೆ. ಪೆಟ್ಟು ಬೀಳುವುದು ಕೆಳಗೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡುತ್ತದೆ. ಸುಮಾರು ಒಂದು ವಾರದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ಎರಡು ತಿಂಗಳು, ಕೆಲವು ಸಲ ಇನ್ನೂ ಹೆಚ್ಚು ದಿನ, ಬೇರನ್ನೇ ತಿಂದು ಬೆಳೆಯುತ್ತದೆ. ಅನಂತರ ಮಣ್ಣಿನಲ್ಲಿಯೇ ಗೂಡು ಮಾಡಿಕೊಂಡು ಕೋಶಾವಸ್ಥೆಗೆ ಹೋಗಿ, ಹತ್ತು ಹನ್ನೆರಡು ದಿನಗಳಲ್ಲಿ ದುಂಬಿಯಾಗಿ ಮೇಲೆ ಬರುತ್ತದೆ. ಮೇಲೆ ಬರುವ ಈ ಪ್ರಯಾಣಕ್ಕೆ ಅಗಲ ಮೂತಿಯ ಪಂಗಡಕ್ಕೆ ಪ್ರಕೃತಿ ಒಂದು ವಿಶೇಷ ಹತಾರು ಕೊಟ್ಟಿದೆ. ಹೊಸ ದುಂಬಿಯ ದವಡೆಯ ಮೇಲೆ ಕೋರೆಯಂತಹ ಒಂದು ಚಾಚು ಇರುತ್ತದೆ. ಮಣ್ಣನ್ನು ಅಗೆದು ಹೊರಬಂದ ಮೇಲೆ ಅದು ಮುರಿದು ಬಿದ್ದುಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಬಾವಿ ತೋಡಿ ಮುಗಿದ ಮೇಲೆ ಹಾರೆ ಎಸೆದುಬಂದ ಹಾಗೆ!

ಈಗ ಮಣ್ಣಿನಲ್ಲಿ ಸಿಗುವ ಮರಿಯನ್ನು ಗುರುತಿಸುವುದು. ನಮ್ಮಲ್ಲಿ ಬೇರು ತಿನ್ನುವ ಬಿಳಿ ಹುಳುವೆಂದರೆ ಎಲ್ಲವನ್ನೂ ಗೊಣ್ಣೆಹುಳು ಎಂದುಬಿಡುವುದು ರೂಢಿ. ಅಂಗೈ ಮೇಲೆ ಇಟ್ಟುಕೊಂಡು ಕಾಲುಗಳನ್ನು ನೋಡಿ. ಗೊಣ್ಣೆಹುಳುವಿಗೆ ತಲೆಯ ಹಿಂದೆ ಮೂರು ಜೊತೆ ಕಾಲುಗಳು ಸ್ಪಷ್ಟವಾಗಿರುತ್ತವೆ. ಬೆಳೆದ ಮೇಲೆ ಕಿರುಬೆರಳಿನ ಗಾತ್ರಕ್ಕೂ ಬರುತ್ತದೆ. ಮೂತಿಹುಳುವಿನ ಮರಿಗೆ ಕಾಲೇ ಇಲ್ಲ. ಕಂದು ತಲೆ, ಬಾಗಿದ ಬಿಳಿ ಮೈ, ಗಾತ್ರ ಚಿಕ್ಕದು. ಕಾಲಿದ್ದರೆ ಗೊಣ್ಣೆ, ಕಾಲಿಲ್ಲದಿದ್ದರೆ ಮೂತಿ. ಆ ದಿನ ಅಜ್ಜಿಯ ಅಂಗೈ ಮೇಲಿದ್ದ ಏಳಕ್ಕೂ ಕಾಲಿರಲಿಲ್ಲ.

ಬದನೆ ಗಿಡ ಬಾಡಲು ಬೇರೆ ಕಾರಣಗಳೂ ಇವೆ, ನಾನು ತಪ್ಪಿದ್ದು ಅಲ್ಲಿಯೇ. ಕುಡಿ ಮಾತ್ರ ಜೋತುಬಿದ್ದು ಉಳಿದ ಗಿಡ ಚೆನ್ನಾಗಿದ್ದರೆ, ಕುಡಿಯನ್ನು ಸೀಳಿ ನೋಡಿ, ಕಾಂಡ ಮತ್ತು ಕಾಯಿ ಕೊರೆಯುವ ಹುಳು ಒಳಗಿರುತ್ತದೆ. ಇಡೀ ಗಿಡ ಬಾಡಿದ್ದರೆ ಮೊದಲು ಕಿತ್ತು ನೋಡಬೇಕು. ಬೇರಿನ ತುಂಬ ಗಂಟುಗಳಿದ್ದರೆ ಅದು ಗಂಟುಬೇರು ಜಂತುವಿನ ಕೆಲಸ. ಬೇರು ಇಡಿಯಾಗಿದ್ದು ಗಿಡ ಕೀಳಲು ಬಲ ಬೇಕಾದರೆ ದುಂಡಾಣು ಸೊರಗು ರೋಗವಿರಬಹುದು. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಬುಡದ ಬಳಿ ಕಾಂಡದ ಎರಡು ಅಂಗುಲದ ತುಂಡನ್ನು ಹರಿತವಾದ ಚಾಕುವಿನಿಂದ ಕೊಯ್ದು, ಗಾಜಿನ ಲೋಟದ ತಿಳಿ ನೀರಿನಲ್ಲಿ ಕೊಯ್ದ ತುದಿ ಮುಳುಗುವಂತೆ ಅಲ್ಲಾಡದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಆ ತುದಿಯಿಂದ ಹಾಲಿನ ಎಳೆಯಂತೆ ಬಿಳಿಯ ದ್ರವ ಇಳಿದರೆ ದುಂಡಾಣು ರೋಗ. ನೀರು ತಿಳಿಯಾಗಿಯೇ ಉಳಿದು, ಬೇರು ಹೆರೆದಂತಿದ್ದು, ಗಿಡ ಸಲೀಸಾಗಿ ಕಿತ್ತುಬಂದರೆ ಮಣ್ಣಿನಲ್ಲಿ ಹುಳು ಹುಡುಕಿ. ಲೋಟ ನೀರಿನ ಈ ಪರೀಕ್ಷೆಯನ್ನು ನಾನು ಆ ದಿನ ಮಾಡಿದ್ದರೆ ಅಜ್ಜಿಗೆ ಸಾಲವಾಗುತ್ತಿರಲಿಲ್ಲ.

ಗುರುತು ಸಿಕ್ಕಿದ ಮೇಲೆ ಏನು ಮಾಡಬೇಕು? ಎಲೆಯ ಮೇಲೆ ಮಾತ್ರ ಔಷಧಿ ಹೊಡೆದು ಸುಮ್ಮನಾದರೆ ಇಂದಿನ ದುಂಬಿ ಸಾಯುತ್ತದೆ, ಮಣ್ಣಿನಲ್ಲಿರುವ ನಾಳಿನ ದುಂಬಿ ಬದುಕುತ್ತದೆ. ಹಾಗೆಂದು ಹಳೆಯ ಕಾಲದವರಂತೆ ಮಣ್ಣಿಗೆ ವಿಷದ ಪುಡಿ ಬೆರೆಸುವುದೂ ಸಲ್ಲದು. ಹಿಂದೆ ಬಿ.ಎಚ್.ಸಿ., ಆಲ್ಡ್ರಿನ್ ಪುಡಿಗಳನ್ನು ಧಾರಾಳವಾಗಿ ಎರಚುತ್ತಿದ್ದರು. ಆಲ್ಡ್ರಿನ್ 1996ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾದವು. ಅಟ್ಟದ ಮೇಲೆ ತಾತನ ಕಾಲದ ಡಬ್ಬ ಉಳಿದಿದ್ದರೆ ಅದನ್ನು ತೆಗೆದು ಹೊಲಕ್ಕೆ ಹಾಕಬೇಡಿ, ಮಕ್ಕಳ ಕೈಗೂ ಸಿಗದಿರಲಿ.

ಬದನೆ ನಾಟಿಗೆ ಮುಂಚೆ, ಕೊನೆಯ ಉಳುಮೆಯಲ್ಲಿ ಎಕರೆಗೆ ಎರಡು ಕ್ವಿಂಟಾಲಿನಂತೆ ಬೇವಿನ ಹಿಂಡಿಯನ್ನು ಮಣ್ಣಿಗೆ ಸೇರಿಸುವುದು ಒಳ್ಳೆಯ ಪದ್ಧತಿ. ಬೇವಿನ ಹಿಂಡಿ ಸಿಗದ ಕಡೆ ಹೊಂಗೆ ಹಿಂಡಿ ಹಾಕುವವರೂ ಇದ್ದಾರೆ. ಗಿಡ ಎದ್ದ ಮೇಲೆ ಎಲೆಯಂಚಿನ ಕಚ್ಚು ಕಂಡ ದಿನದಿಂದಲೇ ದಿನಬಿಟ್ಟು ದಿನ ಬೆಳಗ್ಗೆ ಪಂಚೆ ಹಾಸಿ ದುಂಬಿಗಳನ್ನು ಉದುರಿಸಿ, ಸೋಪಿನ ನೀರಿನ ಬಕೆಟ್ಟಿಗೆ ಹಾಕಬೇಕು. ಸಣ್ಣ ತೋಟಕ್ಕೆ ಇಷ್ಟು ಕೆಲಸ ಹೊರೆಯಲ್ಲ. ಬಾಡಿದ ಗಿಡವನ್ನು ಬರಿದೇ ಕಿತ್ತು ಬದುವಿಗೆ ಎಸೆದರೆ ಪ್ರಯೋಜನವಿಲ್ಲ, ಹುಳು ಗುಂಡಿಯಲ್ಲಿಯೇ ಉಳಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಗುದ್ದಲಿಯಿಂದ ಸುತ್ತಲ ಮಣ್ಣಿನ ಸಮೇತ ಎತ್ತಿ, ಹೆಂಟೆ ಒಡೆದು, ಮರಿಗಳನ್ನು ಆರಿಸಿ ಕೊಲ್ಲಬೇಕು. ಕೋಳಿ ಸಾಕಿದವರಿಗೆ ಕೊಲ್ಲುವ ಶ್ರಮವೂ ಇಲ್ಲ.

ಜೈವಿಕ ವಿಧಾನಗಳೂ ಬಂದಿವೆ. ಮೆಟರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ನೆರಳಿನಲ್ಲಿ ತೇವವಾಗಿಟ್ಟು ಬುಡಕ್ಕೆ ಕೊಡಬಹುದು. ಪ್ರಮಾಣವನ್ನು ಪೊಟ್ಟಣದ ಮೇಲೆ ನೋಡಿಕೊಳ್ಳಿ. ಹುಳುಗಳ ಮೈಯೊಳಗೆ ಹೊಕ್ಕು ಅವನ್ನೇ ಕೊಲ್ಲುವ ಸೂಕ್ಷ್ಮ ಜಂತುಗಳೂ ಪುಡಿಯ ರೂಪದಲ್ಲಿ ದೊರೆಯುತ್ತವೆ. ಜಂತು ಎಂಬ ಹೆಸರು ಕೇಳಿ ಹೆದರಬೇಡಿ, ಇವು ಬೇರಿಗೆ ಗಂಟು ಮಾಡುವ ಜಾತಿಯಲ್ಲ. ಆದರೆ ಬಿಸಿಲಿಗೂ ಒಣ ಮಣ್ಣಿಗೂ ತಡೆಯವು. ಸಂಜೆ, ನೀರು ಕಟ್ಟಿದ ಮಣ್ಣಿಗೆ ಹಾಕಿದರೆ ಮಾತ್ರ ಫಲ.

ರೇಷ್ಮೆ ಇರುವ ಊರಿನವರಿಗೆ ಒಂದು ಮಾತು. ಹಿಪ್ಪುನೇರಳೆ ಎಲೆಗೂ ಇದೇ ಹುಳು ಕಚ್ಚು ಹಾಕುತ್ತದೆ. ಅಲ್ಲಿ ಕೈಯಿಂದ ಹಿಡಿಯುವುದೇ ಮೇಲು. ಎಲೆಯ ಮೇಲೆ ಉಳಿದ ಔಷಧಿ ಮೂತಿಹುಳುವಿಗಿಂತ ಮೊದಲು ತಟ್ಟೆಯಲ್ಲಿರುವ ರೇಷ್ಮೆಹುಳುವನ್ನು ಕೊಲ್ಲುತ್ತದೆ. ಬೇವಿನ ಎಣ್ಣೆ ಸಹ ರೇಷ್ಮೆಹುಳುವಿಗೆ ಆಗದು.

ಕೂಳೆ ಬದನೆಯ ಆಸೆ ಬಿಡುವುದು ಕಷ್ಟವೆಂದು ಬಲ್ಲೆ. ಗಿಡ ಸವರಿ ನೀರು ಕಟ್ಟಿದರೆ ಮತ್ತೆ ಕಾಯಿ ಬರುವಾಗ ಯಾರು ಬಿಡುತ್ತಾರೆ? ಆದರೆ ಹುಳು ಬಿದ್ದ ತೋಟದಲ್ಲಿ ಕೂಳೆ ಬಿಟ್ಟರೆ ಮಣ್ಣಿನಲ್ಲಿರುವ ಮರಿಗಳಿಗೆ ಊಟ ಮುಂದುವರಿಸಿದಂತೆ. ಬೆಳೆ ಮುಗಿದ ಕೂಡಲೇ ಆಳವಾಗಿ ಉತ್ತು ಬಿಸಿಲಿಗೆ ಬಿಡಿ. ನೇಗಿಲಿನ ಹಿಂದೆ ಬೆಳ್ಳಕ್ಕಿ, ಗೊರವಂಕ ಬಂದರೆ ಓಡಿಸಬೇಡಿ. ಮುಂದಿನ ಬೆಳೆಗೆ ಜೋಳ ಅಥವಾ ಹತ್ತಿ ಬೇಡ, ಅವುಗಳ ಬೇರನ್ನೂ ಈ ಕುಲದ ಮರಿಗಳು ತಿನ್ನುತ್ತವೆ.

ನಾಟಿ ಸಸಿಯನ್ನು ಬೇರೆ ಊರಿನಿಂದ ತರುವಾಗ ಬುಡದ ಮಣ್ಣನ್ನು ಕೈಯಲ್ಲಿ ಒಡೆದು ನೋಡಿ ತನ್ನಿ. ಹನ್ನೊಂದು ಬೊಕ್ಕೆಯ ಹುಳುವಿನ ಸಿಂಹಳದ ಬಗೆಯೊಂದು 2000ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡು, ಈಗ ಅಲ್ಲಿ ನೂರಕ್ಕೂ ಹೆಚ್ಚು ಬಗೆಯ ಗಿಡಗಳ ಎಲೆ ತಿನ್ನುತ್ತಿದೆ. ಸಮುದ್ರ ದಾಟಿದ ಹುಳುವಿಗೆ ಹಳ್ಳಿಯಿಂದ ಹಳ್ಳಿಗೆ ಬರುವುದು ಯಾವ ದೊಡ್ಡ ಮಾತು?

ಅಜ್ಜಿಯ ತೋಟದಲ್ಲಿ ಉಳಿದ ಗಿಡಗಳನ್ನು ಅವರು ಮತ್ತು ಮೊಮ್ಮಗಳು ಪಂಚೆ ಹಾಸಿ ಕಾಪಾಡಿಕೊಂಡರು; ಹೋದ ನಲವತ್ತು ಹೋದವು. ಈ ಸಾಲಿನಲ್ಲಿ ಅದೇ ಜಾಗಕ್ಕೆ ಹಿಂಡಿ ಹಾಕಿ ಉಳುಮೆ ಮಾಡಿಸಿದ್ದಾರೆ. ನಿಮ್ಮ ತೋಟದಲ್ಲಿ ಅನುಮಾನ ಬಂದರೆ ಹುಳುವನ್ನು ಹಿಸುಕದೆ ಬೆಂಕಿಪೊಟ್ಟಣದಲ್ಲಿ ಹಾಕಿ, ಜೊತೆಗೆ ಕಚ್ಚು ಬಿದ್ದ ಎರಡು ಎಲೆ ಮತ್ತು ಬಾಡಿದ ಒಂದು ಗಿಡವನ್ನು ಬೇರಿನ ಮಣ್ಣಿನ ಸಮೇತ ಗೋಣಿತಾಟಿನಲ್ಲಿ ಸುತ್ತಿ ತನ್ನಿ. ಲೋಟ ಮತ್ತು ನೀರು ನನ್ನ ಬಳಿ ಇದೆ.